ಹದಿನೇಳನೇ ನಂಬರಿನ ಮರ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ನನ್ನ ಮಗಳು ಕುಡಿದ ಕಷಾಯ ಯಾವ ಮರದ್ದು ಎಂದು ನನ್ನ ಫೋನು ಎರಡು ಸಲ ಹೇಳಿತು. ಎರಡು ಸಲವೂ ಬೇರೆ ಬೇರೆ ಮರದ ಹೆಸರು. ಒಂದು ನಿಜವಾಗಿದ್ದರೆ ಅವಳಿಗೆ ಮೆಂತೆ ಗಂಜಿ ಕುಡಿಸಿ ಶಾಲೆಯ ವ್ಯಾನಿಗೆ ಹತ್ತಿಸಬಹುದಿತ್ತು. ಇನ್ನೊಂದು ನಿಜವಾಗಿದ್ದರೆ ಅವಳನ್ನು ಉಳಿಸಿಕೊಳ್ಳುವುದಕ್ಕೆ ನಮ್ಮ ಬಳಿ ಹೆಚ್ಚು ಹೊತ್ತು ಇರಲಿಲ್ಲ. ಆ ಬೆಳಗಿನ ಹೆದರಿಕೆ ಇನ್ನೂ ನನ್ನ ಮೈಯಿಂದ ಪೂರ್ತಿ ಇಳಿದಿಲ್ಲ. ಬರೆದರೆ ಸ್ವಲ್ಪವಾದರೂ ಇಳಿದೀತು ಎಂದು ಬರೆಯಲು ಕೂತಿದ್ದೇನೆ.

ನಾನು ಮೊದಲಿನಿಂದಲೂ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿದವಳು. ಮಗಳು ಒಂದು ಸಲ ಕೆಮ್ಮಿದರೆ ಹಣೆ ಮುಟ್ಟಿ, ಕತ್ತು ಮುಟ್ಟಿ, ಮತ್ತೆ ಹಣೆ ಮುಟ್ಟಿ ನೋಡುವವಳು. ನನ್ನ ಗಂಡನಿಗೆ ಇದು ದೊಡ್ಡ ತಮಾಷೆ. "ನೀನು ಹೆದರುದಕ್ಕೆ ಒಂದು ಕಾರಣ ಬೇಕು ಅಂತ ಕೂಡ ಇಲ್ಲ ಮಾರಾಯ್ತಿ" ಎನ್ನುತ್ತಾರೆ. ಅವರಿಗೆ ಆಲಂಕಾರಿನಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವ ಅಂಗಡಿ. ಕರೆಂಟಿನ ವಯರನ್ನು ಬರಿಗೈಯಲ್ಲಿ ಹಿಡಿದು ಮಾತಾಡುವ ಮನುಷ್ಯನಿಗೆ ಹೆದರಿಕೆ ಎಂದರೇನು ಎಂದು ತಿಳಿಸಿ ಹೇಳುವುದು ಕಷ್ಟ. ನಾನು ಸುಳ್ಯ ಕಡೆಯ ಅರೆಭಾಷೆಯ ಮನೆಯವಳು, ಅವರದು ತುಳು ಮನೆ. ಯಾರೂ ಸೋಲಬಾರದೆಂದು ಮನೆಯೊಳಗೆ ಕನ್ನಡ ಬಂದು ಕೂತಿತು. ಅವರು, ಅವರ ತಾಯಿ, ನಾನು, ಎರಡನೇ ಕ್ಲಾಸಿಗೆ ಹೋಗುವ ಮಗಳು, ಇಷ್ಟೇ ಜನ.

ಪುತ್ತೂರಿನ ಒಂದು ಕಾಲೇಜಿನಲ್ಲಿ ನನ್ನ ಕೆಲಸ. ಔಷಧಿ ಗಿಡಮರಗಳ ಬೇರು, ತೊಗಟೆ, ಎಲೆಗಳಲ್ಲಿ ಏನೇನು ಇದೆ ಎಂದು ನೋಡುವ ಸಣ್ಣ ಲ್ಯಾಬು ಅದು. ನಾವು ಆಗ ಹಾಲೆ ಮರದ ಹಿಂದೆ ಬಿದ್ದಿದ್ದೆವು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಆಟಿ ಎಂದರೆ ಜಡಿಮಳೆಯ ತಿಂಗಳು. ಆ ತಿಂಗಳ ಅಮಾವಾಸ್ಯೆಯ ದಿನ ಸೂರ್ಯ ಮೂಡುವ ಮೊದಲೇ ಎದ್ದು, ಯಾರೊಡನೆಯೂ ಮಾತಾಡದೆ, ದೀಪ ಹಿಡಿಯದೆ ಹಾಲೆ ಮರದ ಹತ್ತಿರ ಹೋಗಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೊಗಟೆ ಬಿಡಿಸಬೇಕು. ಅದನ್ನು ಕುಟ್ಟಿ ರಸ ಹಿಂಡಿ, ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಮುಳುಗಿಸಿ ಮನೆಮಂದಿಯೆಲ್ಲ ಖಾಲಿ ಹೊಟ್ಟೆಗೆ ಕುಡಿಯಬೇಕು. ವರ್ಷವಿಡೀ ರೋಗ ಬರುವುದಿಲ್ಲ ಎಂದು ನಂಬಿಕೆ. ಉಷ್ಣವಾಗದ ಹಾಗೆ ಆಮೇಲೆ ಮೆಂತೆ ಗಂಜಿ ಉಣ್ಣಬೇಕು. ನಾನು ಹುಟ್ಟಿದಂದಿನಿಂದ ಕುಡಿದಿದ್ದೇನೆ, ಮುಖ ಕಿವುಚಿದ್ದೇನೆ, ಗಂಜಿಗಾಗಿ ಕಾದಿದ್ದೇನೆ.

ಆದರೆ ಕತ್ತಲೆಯಲ್ಲಿ ಮರ ತಪ್ಪುವುದುಂಟು. ಗುಡ್ಡೆಯಲ್ಲಿ ಹಾಲೆಯ ಪಕ್ಕದಲ್ಲೇ ಕಾಸರ್ಕ ಮರ ಇರುತ್ತದೆ. ತುಳುವಿನಲ್ಲಿ ಅದಕ್ಕೆ ಕಾಯೆರ್ ಎನ್ನುತ್ತಾರೆ. ಬೀಜ, ತೊಗಟೆ, ಎಲ್ಲವೂ ವಿಷ. ಹಾಲೆಯೂ ಕಹಿ, ಕಾಸರ್ಕವೂ ಕಹಿ, ಆದ್ದರಿಂದ ನಾಲಿಗೆಗೆ ಗೊತ್ತಾಗುವುದಿಲ್ಲ. ತಪ್ಪು ತೊಗಟೆ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಆಗಾಗ ನನ್ನ ಕಿವಿಗೆ ಬೀಳುತ್ತಿತ್ತು. ಕೇಳಿದಾಗಲೆಲ್ಲ ನನಗೆ ನಿದ್ದೆ ಹಾರುತ್ತಿತ್ತು. ತೊಗಟೆಯ ಒಂದು ಚೂರು ಕೈಗೆ ಸಿಕ್ಕಿದರೆ ಅದು ಹಾಲೆಯೋ ಕಾಸರ್ಕವೋ ಎಂದು ಬೇಗ ಹೇಳುವ ಒಂದು ಸುಲಭದ ಪರೀಕ್ಷೆ ಮಾಡಬೇಕು ಎನ್ನುವುದು ನಮ್ಮ ಸಂಶೋಧನೆ. ನನ್ನ ಹೆದರಿಕೆಯಿಂದ ಹುಟ್ಟಿದ ಒಂದೇ ಒಳ್ಳೆಯ ವಿಷಯ ಅದು.

ನನ್ನ ಜೊತೆ ಕೆಲಸ ಮಾಡುತ್ತಿದ್ದದ್ದು ಗುತ್ತಿಗಾರಿನಿಂದ ಬಂದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ. ಅವಳ ಮನೆಯ ಹಿಂದೆಯೇ ಕಾಡು, ಆನೆ ಬಂದು ಬಾಳೆ ಮುರಿದು ಹೋಗುವುದು ಅವಳಿಗೆ ಪಕ್ಕದ ಮನೆಯವರು ಬಂದು ಹೋದಷ್ಟೇ ಸುದ್ದಿ. ಲ್ಯಾಬಿಗೆ ಬಂದ ಮೊದಲ ಮಳೆಗಾಲದಲ್ಲೇ ಅವಳು ನಮ್ಮ ಕಾಗದದ ಪುಸ್ತಕಗಳ ವಿರುದ್ಧ ಯುದ್ಧ ಸಾರಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಪುತ್ತೂರಿನ ಮಳೆಯಲ್ಲಿ ಲ್ಯಾಬ್ ಪುಸ್ತಕ ಇಟ್ಟುಕೊಂಡವರಿಗೇ ಗೊತ್ತು ಅದರ ಪಾಡು. ಬೂಸ್ಟು ಹಿಡಿಯುತ್ತದೆ, ಪುಟಕ್ಕೆ ಪುಟ ಅಂಟುತ್ತದೆ, ಶಾಯಿ ಹರಡಿ ಮೂರು ಎಂಟಾಗುತ್ತದೆ. ನನಗಿಂತ ಮೊದಲು ಅಲ್ಲಿ ದುಡಿದವರ ಪುಸ್ತಕಗಳು ಕಪಾಟಿನಲ್ಲಿ ಇಟ್ಟಿಗೆಗಳ ಹಾಗೆ ಗಟ್ಟಿಯಾಗಿ ಕೂತಿದ್ದವು. ಅವರು ವರ್ಷಗಟ್ಟಲೆ ಮಾಡಿದ ಕೆಲಸ ಅದರೊಳಗೆ ಇತ್ತು, ಬಿಡಿಸಿ ಓದಲು ಮಾತ್ರ ಆಗುತ್ತಿರಲಿಲ್ಲ.

"ಇಲೆಕ್ಟ್ರಾನಿಕ್ ಲ್ಯಾಬ್ ನೋಟ್‌ಬುಕ್ ಹಾಕುವಾ ಮೇಡಂ" ಎಂದಳು. "ಕಂಪ್ಯೂಟರಿನಲ್ಲೂ ಉಂಟು, ಫೋನಿನಲ್ಲೂ ಉಂಟು. ಮರದ ಬುಡದಲ್ಲಿ ನಿಂತೇ ಫೋಟೋ ಹಾಕ್ಬಹುದು. ಯಾವ ಜಾಗ, ಎಷ್ಟು ಗಂಟೆ ಅಂತ ಅದೇ ಗುರ್ತು ಮಾಡ್ತದೆ. ನಾನು ಇಲ್ಲಿ ಬರ್ದದ್ದು ನಿಮ್ಗೆ ಅಲ್ಲಿ ಕಾಣ್ತದೆ."

"ತಪ್ಪು ಬರ್ದ್ರೆ?" ಎಂದು ಕೇಳಿದೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ.

"ತಿದ್ಬಹುದು. ಆದ್ರೆ ಹಳೇದು ಅಳ್ಸಿ ಹೋಗುದಿಲ್ಲ. ಯಾರು ತಿದ್ದಿದ್ದು, ಯಾವಾಗ, ಎಂತಕ್ಕೆ ಅಂತ ಎಲ್ಲ ಅಡಿಯಲ್ಲಿ ಉಳೀತದೆ."

ಅದನ್ನು ಕೇಳಿ ನನಗೆ ಧೈರ್ಯ ಬರುವ ಬದಲು ಎದೆ ಹಾರಿತು. ನಾನು ಮಾಡಿದ ತಪ್ಪುಗಳೆಲ್ಲ ತಾರೀಕಿನ ಸಮೇತ ಎಲ್ಲಿಯೋ ಒಂದು ಕಡೆ ಸಾಲಾಗಿ ನಿಂತಿರುತ್ತವೆ ಎಂದರೆ ಯಾರಿಗೆ ಖುಷಿಯಾಗುತ್ತದೆ? ಕಾಗದವಾದರೆ ಒಂದು ಗೀಟು ಹಾಕಿ ಮುಂದೆ ಹೋಗಬಹುದು. ಇಂಟರ್‌ನೆಟ್ ಹೋದರೆ, ಕಂಪ್ಯೂಟರಿಗೆ ಸಿಡಿಲು ಹೊಡೆದರೆ, ಪಾಸ್‌ವರ್ಡ್ ಮರೆತರೆ ಎಂದು ಒಂದೊಂದಾಗಿ ಅಡ್ಡಗಾಲು ಹಾಕಿದೆ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ನಾವು ಬರೆದದ್ದರ ಪ್ರತಿ ಬೇರೆ ಊರಿನ ಕಂಪ್ಯೂಟರುಗಳಲ್ಲೂ ಇರುತ್ತದೆ, ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲೇ ಒಂದು ಪ್ರತಿ ಉಳಿಯುತ್ತದೆ, ನೆಟ್‌ವರ್ಕ್ ಇರುವಲ್ಲಿ ತೆರೆದ ಕೂಡಲೇ ಹೊಸದನ್ನು ತಂದುಕೊಳ್ಳುತ್ತದೆ ಎಂದಳು. ಕೊನೆಗೆ ನಾನು ವಾದ ಮಾಡಿ ಸುಸ್ತಾಗಿ ಒಪ್ಪಿದೆ.

ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ಸುತ್ತಿ ಹಾಲೆ ಮರಗಳಿಗೂ ಕಾಸರ್ಕ ಮರಗಳಿಗೂ ಗುರುತು ಹಾಕಿದೆವು. ಗುರುತು ಎಂದರೆ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ರಿಬ್ಬನ್, ಅದರಲ್ಲಿ ನಂಬರು ಕೆತ್ತಿದ ಒಂದು ಸಣ್ಣ ತಗಡಿನ ಬಿಲ್ಲೆ. ನಂಬರು ಹಾಕಿ ನೋಟ್‌ಬುಕ್ಕಿನಲ್ಲಿ ಹುಡುಕಿದರೆ ಆ ಮರದ ಹೆಸರು, ಫೋಟೋ, ತೊಗಟೆಯ ಪರೀಕ್ಷೆ ಎಲ್ಲ ಬರುತ್ತಿತ್ತು. ಆಲಂಕಾರಿನಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲೂ ಕೆಲವು ಮರಗಳಿಗೆ ಕಟ್ಟಿದ್ದೆವು. ಉಳಿದ ರಿಬ್ಬನ್ನಿನ ಸುರುಳಿ ನಮ್ಮ ಮನೆಯ ಚಾವಡಿಯ ಮೊಳೆಯಲ್ಲಿ ನೇತಾಡುತ್ತಿತ್ತು.

ಆ ವರ್ಷ ತೊಗಟೆ ತರುವ ಕೆಲಸ ಮೊದಲ ಸಲ ನನ್ನ ಗಂಡನ ಪಾಲಿಗೆ ಬಂತು. ಅಲ್ಲಿಯವರೆಗೆ ತರುತ್ತಿದ್ದ ನೆರೆಮನೆಯವರಿಗೆ ಸೊಂಟ ನೋವು. ನಾನು ಬಿಡುತ್ತೇನೆಯೇ? ಹಿಂದಿನ ದಿನ ಸಂಜೆ ಕೊಡೆ ಹಿಡಿದು ಅವರ ಜೊತೆ ಗುಡ್ಡೆಗೆ ಹೋದೆ. ಒಂದು ಒಳ್ಳೆಯ ಹಾಲೆ ಮರ ತೋರಿಸಿದೆ. ಎಲೆ ನೋಡಿದೆ, ಉಗುರಿನಿಂದ ತೊಗಟೆ ಗೀರಿ ಬಿಳಿ ಹಾಲು ಬಂದದ್ದನ್ನು ಅವರಿಗೂ ತೋರಿಸಿದೆ. ಕತ್ತಲೆಯಲ್ಲಿ ಕೈಗೆ ಸಿಗಲಿ ಎಂದು ಅವರು ಚಾವಡಿಯ ಸುರುಳಿಯಿಂದ ಒಂದು ತುಂಡು ರಿಬ್ಬನ್ ತಂದಿದ್ದರು. ಅದನ್ನು ಕಾಂಡಕ್ಕೆ ಕಟ್ಟಿದರು. ಎಲ್ಲವೂ ಸರಿಯಾಗಿತ್ತು. ಅಪರೂಪಕ್ಕೆ ನಾನು ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಅವರು ಎದ್ದು ಹೋದದ್ದು ನನಗೆ ಗೊತ್ತಾಗಲಿಲ್ಲ. ಮಳೆ ಸುರಿಯುತ್ತಿತ್ತು. ಹಳೆಯ ಕಾಲದಲ್ಲಿ ಬಟ್ಟೆ ಇಲ್ಲದೆ ಹೋಗುವ ಕ್ರಮವಂತೆ, ನನ್ನ ಗಂಡ ಅದನ್ನು ಬನಿಯನ್ನಿನ ಮಟ್ಟಕ್ಕೆ ಸಡಿಲಿಸಿಕೊಂಡಿದ್ದರು. ಟಾರ್ಚ್ ಮಾತ್ರ ಒಯ್ಯಲಿಲ್ಲ, ಕ್ರಮ ಎಂದರೆ ಕ್ರಮ. ತೊಯ್ದು ತೊಪ್ಪೆಯಾಗಿ ಬಂದು ತೊಗಟೆಯ ಚೀಲವನ್ನು ಅತ್ತೆಯ ಕೈಗೆ ಕೊಟ್ಟು ಬಚ್ಚಲಿಗೆ ಹೋದರು.

ನಾನು ಮಗಳ ಟಿಫಿನ್ ಕಟ್ಟಿ ಅಡುಗೆಮನೆಯ ಹಿಂದಿನ ಜಗಲಿಗೆ ಬರುವಾಗ ಅತ್ತೆ ಕಷಾಯ ಸೋಸಿ ಇಟ್ಟಿದ್ದರು. ವ್ಯಾನ್ ಬೇಗ ಬರುತ್ತದೆ ಎಂದು ಮೊದಲು ಮಗಳಿಗೇ ಕೊಟ್ಟಿದ್ದರು, ಬೇರೆ ಯಾರೂ ಇನ್ನೂ ಕುಡಿದಿರಲಿಲ್ಲ. ಅವಳು ನಾಲಿಗೆ ಹೊರಗೆ ಹಾಕಿ ಜಗಲಿಯಲ್ಲಿ ಕುಣಿಯುತ್ತಿದ್ದಳು. "ಅಮ್ಮಾ, ಪೂರಾ ಕುಡ್ದೆ! ಗಂಜಿ ಎಲ್ಲಿ?"

ಅತ್ತೆ ನನ್ನ ಲೋಟಕ್ಕೆ ಬಗ್ಗಿಸುತ್ತಾ ಅಂದರು: "ಈ ಸಲ ಹಾಲು ಕಮ್ಮಿ ಕಾಣ್ತದೆ ಮಗಾ. ಮಳೆಗೆ ತೊಳ್ದು ಹೋಗಿರ್ಬೇಕು."

ಲೋಟ ಬಾಯಿಯ ಹತ್ತಿರ ತಂದವಳು ಹಾಗೇ ನಿಂತೆ. ಕುಟ್ಟದೆ ಉಳಿದ ತೊಗಟೆಯ ತುಂಡುಗಳು ಬುಟ್ಟಿಯಲ್ಲಿದ್ದವು. ಅವುಗಳ ನಡುವೆ ಹರಿದ ಕಿತ್ತಳೆ ರಿಬ್ಬನ್. ಅದರ ತುದಿಯಲ್ಲಿ ತಗಡಿನ ಬಿಲ್ಲೆ. ನಾವು ನಿನ್ನೆ ಕಟ್ಟಿದ ರಿಬ್ಬನ್ನಿಗೆ ಬಿಲ್ಲೆ ಇರಲಿಲ್ಲ.

ಬಿಲ್ಲೆ ಎತ್ತಿಕೊಂಡೆ. ಹದಿನೇಳು. ಅದು ಯಾವ ಮರ ಎಂದು ನನಗೆ ನೆನಪೇ ಆಗಲಿಲ್ಲ. ಎರಡು ಜಾತಿಗೂ ಒಂದೇ ಬಣ್ಣದ ರಿಬ್ಬನ್ ಕಟ್ಟಿದ್ದೆವು. ಲೋಟ ಕೈಯಿಂದ ಜಾರಿ ಬಿತ್ತು. ನಾನು ಕೂಗಿದ ರೀತಿಗೆ ಗಂಡ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಪಂಚೆ ಸುತ್ತಿಕೊಂಡು ಓಡಿ ಬಂದರು.

"ಯಾವ ಮರದಿಂದ ತೆಗ್ದದ್ದು? ನಾವು ಕಟ್ಟಿದ್ದಾ?"

"ರಿಬ್ಬನ್ ಕೈಗೆ ಸಿಕ್ಕಿತು, ಜಜ್ಜಿದೆ. ಅದೇ ಅಲ್ವಾ?" ಎಂದರು. ಬಿಲ್ಲೆ ನೋಡಿದ ಮೇಲೆ ಅವರ ಮುಖ ಬಿಳುಚಿತು. ನಾನು ಮದುವೆಯಾಗಿ ಬಂದ ಮೇಲೆ ಅವರು ಹೆದರಿದ್ದನ್ನು ಕಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಮನೆಯಲ್ಲಿ ಹೆದರುವುದು ನನ್ನೊಬ್ಬಳ ಕೆಲಸವಾಗಿತ್ತು, ಉಳಿದವರು ನಗುತ್ತಿದ್ದುದರಿಂದಲೇ ನಾನು ಬದುಕುತ್ತಿದ್ದೆ.

"ಕಾಯೆರಾ?" ಎಂದು ಅತ್ತೆ ಅಲ್ಲೇ ಕುಸಿದು ಕೂತರು. "ಉಪ್ಪುನೀರು ಕೊಟ್ಟು ಕಕ್ಕಿಸುವಾ, ಬೇಗ."

"ಬೇಡ ಮಾಮಿ, ಬೇಡ! ಗಂಟಲಿಗೆ ಬೆರಳು ಹಾಕ್ಬೇಡಿ" ಎಂದು ಅವರ ಕೈ ಹಿಡಿದೆ. ಕಾಸರ್ಕವೇ ಆಗಿದ್ದರೆ ಹಾಗೆ ಮಾಡುವಾಗಲೇ ಸೆಳೆತ ಬರಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ದೊಡ್ಡ ಶಿಕ್ಷೆಯಾಯಿತು. ಮೊದಲು ಕಾಲು ಬಿಗಿಯುತ್ತದೆ, ಕತ್ತು ಬಿಗಿಯುತ್ತದೆ. ಆಮೇಲೆ ಸಣ್ಣ ಶಬ್ದಕ್ಕೂ ಇಡೀ ಮೈ ಬಿಲ್ಲಿನ ಹಾಗೆ ಬಾಗುತ್ತದೆ. ಉಸಿರಾಡುವ ಸ್ನಾಯು ಬಿಗಿದರೆ ಮುಗಿಯಿತು. ಅಷ್ಟು ಹೊತ್ತೂ ಪ್ರಜ್ಞೆ ಇರುತ್ತದೆ. ಇದನ್ನೆಲ್ಲ ನಾನೇ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೆ. ಇಷ್ಟು ವಿವರ ಗೊತ್ತಿಲ್ಲದ ತಾಯಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕ್ಷಣ ಅನಿಸಿತು.

ಅತ್ತೆಯನ್ನು ಮನೆಯಲ್ಲೇ ಬಿಟ್ಟು, ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಡಿಲಿಗೆ ಹಾಕಿಕೊಂಡು ಹೊರಟೆವು. ಅವಳಿಗೆ ಶಾಲೆ ತಪ್ಪಿದ ಖುಷಿ. "ನಾವು ಎಲ್ಲಿಗೆ ಹೋಗುದು?" ಎಂದು ಎರಡು ಸಲ ಕೇಳಿದಳು. ಕಡಬ ಹತ್ತಿರವಿತ್ತು, ಆದರೆ ಉಸಿರಿಗೆ ತೊಂದರೆಯಾದರೆ ಯಂತ್ರ ಬೇಕಾಗುತ್ತದೆ ಎಂದು ಪುತ್ತೂರಿಗೇ ಹೋಗುವುದೆಂದು ನಾನು ಹೇಳಿದೆ. ಕಾರು ಮಣ್ಣಿನ ದಾರಿಯಲ್ಲಿ ಕುಲುಕುವಾಗ ಫೋನು ತೆಗೆದು ನೋಟ್‌ಬುಕ್ ತೆರೆದೆ. ನೆಟ್‌ವರ್ಕ್ ಇರಲಿಲ್ಲ. ಎರಡು ವಾರದಿಂದ ನಮ್ಮ ಮನೆಯ ಕಡೆ ಟವರಿಗೆ ಮಳೆಯ ಕಾಟ. ಕಾಲೇಜಿನಲ್ಲಿ ನಾನು ಕಂಪ್ಯೂಟರಿನಲ್ಲೇ ನೋಡುವವಳು, ಫೋನಿನಲ್ಲಿ ನೋಟ್‌ಬುಕ್ ತೆರೆಯದೆ ಬಹಳ ದಿನವಾಗಿತ್ತು. ಹದಿನೇಳು ಎಂದು ಒತ್ತಿದೆ. ಅವಸರದಲ್ಲಿ ಒಂದು ಸಲ ಎಪ್ಪತ್ತೊಂದಾಯಿತು. ಮತ್ತೆ ಒತ್ತಿದೆ.

ಫೋನಿನಲ್ಲಿ ಉಳಿದಿದ್ದ ಪುಟ ತೆರೆಯಿತು. ಹದಿನೇಳನೇ ನಂಬರಿನ ಮರ: ಹಾಲೆ. ಆಲಂಕಾರು ಗುಡ್ಡೆ, ಬದುವಿನ ಮೇಲೆ. ಜೊತೆಗೆ ಒಂದು ಫೋಟೋ, ಮೇಲೆ ಚಕ್ರದ ಹಾಗೆ ಹರಡಿದ ಹಾಲೆಯ ಎಲೆಗಳು.

"ಹಾಲೆ!" ಎಂದೆ. "ಹಾಲೆಯೇ ರೀ, ಹಾಲೆಯೇ!" ನಾನು ಅಳುತ್ತಿದ್ದೆ. ಮಗಳ ತಲೆಗೆ, ಕೆನ್ನೆಗೆ, ಕೈಗೆ ಮುತ್ತು ಕೊಟ್ಟೆ. ಅವಳು "ಸಾಕಮ್ಮ" ಎಂದು ಮುಖ ಒರೆಸಿಕೊಂಡಳು. ಗಂಡ ಪೇಟೆಯ ಹತ್ತಿರ, ಇನ್ನೂ ಬಾಗಿಲು ತೆಗೆಯದ ಒಂದು ಅಂಗಡಿಯ ಎದುರು ಕಾರು ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆ ಇಟ್ಟರು. ಆಮೇಲೆ ಅವರು ತಿರುಗಿ, "ನಿನ್ನಿಂದಾಗಿ ನನ್ಗೂ ಹೆದರ್ಲಿಕ್ಕೆ ಬಂತು ಮಾರಾಯ್ತಿ. ವ್ಯಾನ್ ಹೋಗಿರ್ತದೆ, ನಾನೇ ಶಾಲೆಗೆ ಬಿಡ್ತೇನೆ" ಎಂದು ನಕ್ಕರು. ಕಾರನ್ನು ಹಿಂದಕ್ಕೆ ತಿರುಗಿಸಲು ಗೇರು ಹಾಕಿದರು. ನಾನು ಬೇಡ ಎನ್ನಲಿಲ್ಲ. ಮನೆಗೆ ಹೋಗಿ ಗಂಜಿ ಉಣ್ಣಿಸಬೇಕು ಎಂದೇ ಯೋಚಿಸುತ್ತಿದ್ದೆ.

ಕಾರು ಅರ್ಧ ತಿರುಗಿತ್ತು. ಪೇಟೆಯಾದ್ದರಿಂದ ಫೋನಿಗೆ ನೆಟ್‌ವರ್ಕ್ ಸಿಕ್ಕಿತು. ನನ್ನ ಕೈಯಲ್ಲಿ ತೆರೆದೇ ಇದ್ದ ಪುಟ ಒಮ್ಮೆ ಬೆಳ್ಳಗಾಯಿತು, ಮತ್ತೆ ಮೂಡಿತು. ನಾನು ನೋಡುತ್ತಿದ್ದ ಹಾಗೆಯೇ ಹಾಲೆ ಎಂಬ ಹೆಸರಿನ ಮೇಲೆ ಒಂದು ಗೆರೆ ಬಂತು. ಅದರ ಪಕ್ಕದಲ್ಲಿ ಕಾಸರ್ಕ ಎಂದು ಬಂತು.

ಕೆಳಗೆ ನನ್ನ ವಿದ್ಯಾರ್ಥಿನಿಯ ಬರಹ. ತಿದ್ದಿದ್ದು ಹಿಂದಿನ ವಾರ. ಯಾಕೆ ಎಂದೂ ಬರೆದಿದ್ದಳು: ಹಾಲೆ ಮತ್ತು ಕಾಸರ್ಕ ಒಂದಕ್ಕೊಂದು ಅಂಟಿ ಬೆಳೆದಿವೆ, ಬಳ್ಳಿ ಮುಚ್ಚಿದೆ. ಮೇಲೆ ಕಾಣುವ ಎಲೆ ಹಾಲೆಯದ್ದು, ರಿಬ್ಬನ್ ಕಟ್ಟಿದ ಕಾಂಡ ಕಾಸರ್ಕದ್ದು. ಲ್ಯಾಬಿನ ಪರೀಕ್ಷೆಯಲ್ಲಿ ತೊಗಟೆ ಹಾಲೆಗೆ ಹೊಂದಲಿಲ್ಲ, ಸಂಶಯ ಬಂದು ಮತ್ತೊಮ್ಮೆ ಹೋಗಿ ನೋಡಿದೆ. ಜೊತೆಗೆ ಎರಡು ಹೊಸ ಫೋಟೋ. ಒಂದರಲ್ಲಿ ಬಳ್ಳಿ ಸರಿಸಿದ ಕಾಂಡ, ಬುಡದಲ್ಲಿ ಗುಂಡಿಯಂಥ ಚಪ್ಪಟೆ ಬೀಜಗಳು. ಇನ್ನೊಂದರಲ್ಲಿ ತೊಗಟೆಯ ರಸವನ್ನು ಗಾಜಿನ ತಟ್ಟೆಯ ಮೇಲೆ ಏರಿಸಿ ನೋಡಿದ ಪರೀಕ್ಷೆ, ಕಾಸರ್ಕದ ಕಲೆ ಎಲ್ಲಿ ಬರಬೇಕೋ ಅಲ್ಲೇ ಬಂದಿತ್ತು.

ಗಂಡನ ಭುಜಕ್ಕೆ ಹೊಡೆದೆ, ಪುತ್ತೂರಿನ ಕಡೆ ಕೈ ತೋರಿಸಿದೆ. ಅವರು ನನ್ನ ಮುಖ ನೋಡಿದರು. ಕಾರನ್ನು ಮತ್ತೆ ಪುತ್ತೂರಿನ ಕಡೆಗೆ ತಿರುಗಿಸಿದರು.

ಅದೇ ಹೊತ್ತಿಗೆ ಮಗಳು ಹೇಳಿದಳು, "ಅಮ್ಮ, ಕಾಲು ಎಳೀತದೆ."

ರಾಮಕುಂಜದ ದಾರಿಯಲ್ಲಿ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. "ಹದಿನೇಳಾ? ಅದು ಕಾಸರ್ಕ ಮೇಡಂ, ನಾನು ಸರಿ ಮಾಡಿದ್ದೆ" ಎಂದಳು. ನಡೆದದ್ದನ್ನು ಹೇಳಿದೆ. ಆಮೇಲೆ, "ಯಾವ ಆಸ್ಪತ್ರೆ ಹೇಳಿ, ಡಾಕ್ಟ್ರಿಗೆ ನಾನೇ ಈ ಪುಟ ಕಳಿಸ್ತೇನೆ. ನೀವು ಮಗುವನ್ನು ನೋಡಿ" ಎಂದಳು. ಅವಳು ಆಗ ಲ್ಯಾಬಿನಲ್ಲಿ ಕೂಡ ಇರಲಿಲ್ಲ, ಗುತ್ತಿಗಾರಿನ ತನ್ನ ಮನೆಯಲ್ಲಿದ್ದಳು. ನಮ್ಮದು ಕಾಗದದ ಪುಸ್ತಕವಾಗಿದ್ದರೆ ಅದು ಪುತ್ತೂರಿನ ಬೀಗ ಹಾಕಿದ ಕಪಾಟಿನಲ್ಲಿ ಇರುತ್ತಿತ್ತು. ಅದರಲ್ಲಿ ಹಾಲೆ ಎಂದು ಬರೆದಿರುತ್ತಿತ್ತೋ, ತಿದ್ದಿರುತ್ತಿತ್ತೋ, ತಿದ್ದಿದ್ದರೂ ಯಾವುದು ಮೊದಲಿನದು ಯಾವುದು ಆಮೇಲಿನದು ಎಂದು ತಿಳಿಯುತ್ತಿತ್ತೋ ಇಲ್ಲವೋ. ಈಗ ಇದನ್ನೆಲ್ಲ ಯೋಚಿಸುತ್ತೇನೆ. ಆಗ ನಾನು ಮಗಳ ಕಾಲನ್ನು ಮಾತ್ರ ನೋಡುತ್ತಿದ್ದೆ.

ಅವಳ ಕಾಲಿನ ಹೆಬ್ಬೆರಳು ಕೆಳಕ್ಕೆ ಬಾಗಿ ಹಾಗೇ ನಿಂತಿತ್ತು. ಉಪ್ಪಿನಂಗಡಿ ದಾಟುವಾಗ ಎದುರಿನಿಂದ ಬಂದ ಒಂದು ಲಾರಿ ಹಾರ್ನ್ ಹೊಡೆಯಿತು. ಮಗಳು ಮಡಿಲಿನಿಂದ ಒಂದು ಗೇಣು ಮೇಲಕ್ಕೆ ಹಾರಿದಳು. ಬೆನ್ನು ಕಮಾನಾಯಿತು, ಹಲ್ಲು ಕಚ್ಚಿತು. ನಾಲ್ಕು ಉಸಿರಿನಷ್ಟು ಹೊತ್ತು, ಆಮೇಲೆ ಸಡಿಲವಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣಿನಲ್ಲಿ ನೋವಿಗಿಂತ ಆಶ್ಚರ್ಯ ಹೆಚ್ಚಿತ್ತು.

"ಎಂತ ಅಮ್ಮ ಅದು?" ಎಂದು ಕೇಳಿದಳು.

ನಾನು ಉತ್ತರ ಕೊಡಲಿಲ್ಲ. ನನ್ನ ದನಿಗೆ ಇನ್ನೊಂದು ಸೆಳೆತ ಬಂದರೆ ಎಂದು ಹೆದರಿದೆ. ಅವಳನ್ನು ಹಿಡಿದಿದ್ದ ನನ್ನ ಕೈಗಳಿಗೂ ಹೆದರಿದೆ. ಅಪ್ಪಿ ಹಿಡಿದರೂ ಕಷ್ಟ, ಬಿಟ್ಟರೆ ರಸ್ತೆಯ ಹೊಂಡಕ್ಕೆ ಅವಳು ಎಗರುತ್ತಾಳೆ. ಗಂಡ ಒಂದು ಸಲವೂ ಹಾರ್ನ್ ಮಾಡದೆ ಓಡಿಸಿದರು. ಎದುರಿನವರೆಲ್ಲ ಅವರನ್ನು ಬೈದುಕೊಂಡು ಹೋದರು. ಅವರ ಕುತ್ತಿಗೆಯ ಹಿಂಭಾಗ ಬೆವರಿನಿಂದ ಹೊಳೆಯುತ್ತಿತ್ತು. ಅವರು ಉಟ್ಟಿದ್ದದ್ದು ಇನ್ನೂ ಅದೇ ಒದ್ದೆ ಪಂಚೆ.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರರೇ ನಿಂತಿದ್ದರು. ಮಧ್ಯವಯಸ್ಸಿನವರು, ಮೆತ್ತಗಿನ ಮಾತು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು.

"ನೋಡಿದ್ದೇನೆ. ಮರ, ಬೀಜ, ಟೆಸ್ಟಿನ ಫೋಟೋ, ಎಲ್ಲ ಬಂದಿದೆ. ರೂಮು ರೆಡಿ ಉಂಟು. ನೀವು ಈಗ ಮಾತಾಡ್ಬೇಡಿ, ಯಾರೂ ಮಾತಾಡ್ಬೇಡಿ."

ಯಾವ ಮರ, ಏನು ಕುಡಿದದ್ದು, ನಿಜವಾಗಿಯೂ ಅದೇನಾ ಎಂದು ವಿಚಾರಿಸುವುದರಲ್ಲಿ ಕಳೆದುಹೋಗುತ್ತಿದ್ದ ಹೊತ್ತು ಹೀಗೆ ಉಳಿಯಿತು. ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಸೆಳೆತ ತಡೆಯುವ ಇಂಜೆಕ್ಷನ್ ಡಾಕ್ಟರರ ಕೈಯಲ್ಲೇ ಇತ್ತು. ಅದು ಇಳಿದ ಮೇಲೆ ಮೂಗಿನ ಕೊಳವೆಯಲ್ಲಿ ವಿಷ ಹೀರುವ ಇದ್ದಿಲಿನ ಕಪ್ಪು ನೀರು ಹಾಕಿದರು. ಉಸಿರಿನ ಯಂತ್ರವನ್ನು ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದ್ದರು.

"ನೀವು ಒಳಗೆ ಇರ್ಬಹುದು" ಎಂದು ಡಾಕ್ಟರರು ಪಿಸುಗುಟ್ಟಿದರು. "ಆದ್ರೆ ಮುಟ್ಬಾರ್ದು. ನೀವು ಒಂದು ಸಲ ಮುಟ್ಟಿದ್ರೂ ಸಾಕು, ಸೆಳೆತ ಬರ್ಬಹುದು. ಗೊತ್ತಾಯ್ತಲ್ಲ?"

ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮಂಚ ಎರಡು ಹೆಜ್ಜೆ ದೂರದಲ್ಲಿತ್ತು. ಮಗಳಿಗೆ ಮದ್ದಿನ ಮಂಪರು, ಆದರೂ ನಡುನಡುವೆ ಕಣ್ಣು ತೆರೆದು ನನ್ನ ಕಡೆ ಕೈ ಚಾಚುತ್ತಿದ್ದಳು. ಜ್ವರ ಬಂದರೆ, ಬಿದ್ದರೆ, ಕನಸು ಬಿದ್ದರೆ ನಾನು ಕೂಡಲೇ ಕೈ ಹಿಡಿಯುವವಳು ಎಂದು ಅವಳಿಗೆ ಗೊತ್ತು. ನಾನು ತಲೆ ಅಲ್ಲಾಡಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ತುಟಿ ನಡುಗಿತು. ಕೈ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತು ಹಾಸಿಗೆಗೆ ಬಿತ್ತು. ನನ್ನ ಎರಡು ಕೈಗಳನ್ನೂ ನಾನು ಬೆನ್ನ ಹಿಂದೆ ಗೋಡೆಗೆ ಒತ್ತಿ ಇಟ್ಟುಕೊಂಡೆ.

ಹೊರಗೆ ಯಾರದೋ ಕೈಯಿಂದ ಸ್ಟೀಲಿನ ಲೋಟ ಬಿತ್ತು. ಮಗಳ ಮೈ ಮತ್ತೆ ಬಾಗಿತು. ಈ ಸಲ ಹೆಚ್ಚು ಹೊತ್ತು. ತುಟಿ ನೀಲಿಯಾಗುತ್ತಾ ಬಂತು. ಡಾಕ್ಟರರು ಇನ್ನೊಂದು ಇಂಜೆಕ್ಷನ್ ಏರಿಸುವಾಗ ನಾನು ದೇವರನ್ನೂ ಕರೆಯಲಿಲ್ಲ, ದೈವಗಳನ್ನೂ ಕರೆಯಲಿಲ್ಲ. ಉಸಿರು, ಉಸಿರು ಎಂದಷ್ಟೇ ಮನಸ್ಸಿನೊಳಗೆ ಹೇಳುತ್ತಿದ್ದೆ. ಎದೆ ಏರಿತು. ಇಳಿಯಿತು. ಮತ್ತೆ ಏರಿತು.

ಮಧ್ಯಾಹ್ನ ವಿದ್ಯಾರ್ಥಿನಿ ಗುತ್ತಿಗಾರಿನಿಂದ ಬಸ್ಸು ಹಿಡಿದು ಬಂದಳು. ನಾನು ಒಂದು ಗಳಿಗೆ ಹೊರಗೆ ಹೋದೆ. ಕಾರಿಡಾರಿನಲ್ಲಿ ಗಂಡ ಯಾರದೋ ಶಾಲು ಹೊದ್ದು ಕೂತಿದ್ದರು, ಅವರ ಪಕ್ಕದಲ್ಲಿ ಅವಳು. ಅವಳು ಎದ್ದು ನಿಂತು, "ಮೇಡಂ, ಮೊದಲನೇ ಸಲ ನಾನು ಹಾಲೆ ಅಂತಲೇ ಬರ್ದಿದ್ದೆ" ಎಂದು ಹೇಳಿ ಅತ್ತಳು. ಅವಳಿಗೂ ಹೆದರಿಕೆ ಎಂಬುದು ಇದೆ ಎಂದು ನನಗೆ ಆ ದಿನ ತಿಳಿಯಿತು. ತನ್ನ ತಪ್ಪು ಎಲ್ಲರ ಕಣ್ಣಿಗೂ ಕಾಣುವ ಹಾಗೆ ಅಲ್ಲೇ ಉಳಿಯುತ್ತದೆ ಎಂದು ಗೊತ್ತಿದ್ದೂ ಅವಳು ಅದನ್ನು ತಿದ್ದಿದ್ದಳು, ಯಾಕೆ ತಿದ್ದಿದೆ ಎಂದೂ ಬರೆದಿದ್ದಳು. ನಾನಾಗಿದ್ದರೆ ಅಷ್ಟು ಬೇಗ ತಿದ್ದುತ್ತಿದ್ದೆನೇ ಎಂದು ಕೇಳಿಕೊಂಡೆ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಆಸ್ಪತ್ರೆಗೆ ಬಂದ ಮೇಲೆ ನಾನು ಮುಟ್ಟಿದ ಮೊದಲ ಮನುಷ್ಯಜೀವ ಅದು.

ಕತ್ತಲಾಗುವ ಹೊತ್ತಿಗೆ ಸೆಳೆತ ನಿಂತು ತುಂಬ ಹೊತ್ತಾಗಿತ್ತು. ಡಾಕ್ಟರರು ಒಳಗೆ ಬಂದು ಅವಳ ಕಾಲನ್ನು ಮೆಲ್ಲ ತಟ್ಟಿ ನೋಡಿದರು. ಮೈ ಸುಮ್ಮನಿತ್ತು. ಬಾಗಿಲನ್ನು ಬೇಕೆಂದೇ ಸ್ವಲ್ಪ ಶಬ್ದ ಮಾಡಿ ಮುಚ್ಚಿದರು. ಆಗಲೂ ಏನೂ ಆಗಲಿಲ್ಲ. ಕಿಟಕಿಯ ಕಂಬಳಿಯ ಒಂದು ತುದಿ ಬಿಚ್ಚಿದರು.

"ಇನ್ನು ಮುಟ್ಬಹುದು" ಎಂದು ಮಾಮೂಲಿ ದನಿಯಲ್ಲಿ ಹೇಳಿದರು. "ಹೋಗಿ, ಮಗು ಎದ್ದಿದ್ದಾಳೆ."

ನಾನು ಹೋಗಲಿಲ್ಲ. ಹೋಗಲು ಆಗಲಿಲ್ಲ. ಕೈಗಳು ಬೆನ್ನ ಹಿಂದೆಯೇ ಇದ್ದವು, ಗೋಡೆಯಿಂದ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. ಡಾಕ್ಟರರ ಲೆಕ್ಕ ತಪ್ಪಿದ್ದರೆ? ನನ್ನ ಬೆರಳು ತಾಗಿ ಮತ್ತೆ ಆ ಬೆನ್ನು ಬಾಗಿದರೆ? ಹಾಲೆ ಎಂದು ಓದಿ ಬೆಳಿಗ್ಗೆ ಒಂದು ಸಲ ನಂಬಿದ್ದೆ, ಅರ್ಧ ದಾರಿಯಲ್ಲಿ ಕಾರು ತಿರುಗಿಸಲು ಬಿಟ್ಟಿದ್ದೆ. ಇನ್ನು ಯಾರ ಮಾತನ್ನು ನಂಬಲಿ? ಗಂಡ ಬಾಗಿಲಲ್ಲಿ ನಿಂತಿದ್ದರು. ಅವರೂ ಒಳಗೆ ಬರಲಿಲ್ಲ. ನಾವಿಬ್ಬರೂ ನಮ್ಮ ಮಗಳನ್ನು ದೂರದಿಂದ ನೋಡುತ್ತಾ ನಿಂತೆವು.

ಮಗಳು ದಿಂಬಿನ ಮೇಲೆ ತಲೆ ಹೊರಳಿಸಿದಳು. ಬಾಯಿಯ ಸುತ್ತ ಇದ್ದಿಲಿನ ಕಪ್ಪು ಇನ್ನೂ ಇತ್ತು. ದನಿ ಒರಟಾಗಿತ್ತು.

"ಅಮ್ಮ, ನಾನು ಎಂತ ಮಾಡಿದ್ದು? ನನ್ನತ್ರ ಸಿಟ್ಟಾ?"

ಅವಳು ಇಡೀ ದಿನ ಹಾಗೆಂದೇ ಎಣಿಸಿದ್ದಳು.